ಹಳೆಯ ದೂರವಾಣಿ ಮಾರ್ಗಗಳ ದತ್ತಾಂಶ ವೇಗ: ಇಂದಿನ ಮಾನಗಳಿಗೆ ಪರಿವರ್ತನೆ

ಭಾರತದಲ್ಲಿ ಮೆಟ್ರಿಕ್ ಪದ್ಧತಿ ಬರುವ ಮೊದಲು ಸೇರು, ಮಣಗಳ ತೂಕವು ಊರಿಂದ ಊರಿಗೆ ಬೇರೆಯಾಗಿತ್ತು. ದರ ಕೇಳುವ ಮುನ್ನ ಯಾವ ಸೇರು ಎಂದು ಕೇಳುವುದು ವರ್ತಕರಿಗೆ ಅನಿವಾರ್ಯವಾಗಿತ್ತು. ದತ್ತಾಂಶ ಸಾಗಣೆಯ ವೇಗದಲ್ಲಿ ಇಂದಿಗೂ ಇಂತಹುದೇ ಸ್ಥಿತಿಯಿದೆ. ಹಳೆಯ ಒಪ್ಪಂದದಲ್ಲಿ '64 ಕೆ' ಎಂದೂ, ತೂಕದ ಯಂತ್ರದ ಕೈಪಿಡಿಯಲ್ಲಿ '9600 ಬಾಡ್' ಎಂದೂ, ಹೊಸ ದರಪಟ್ಟಿಯಲ್ಲಿ '100 ಎಂಬಿಪಿಎಸ್' ಎಂದೂ ನಮೂದಾಗಿರುತ್ತದೆ. ಇವುಗಳನ್ನು ಒಂದೇ ಮಾನಕ್ಕೆ ತಾರದೆ ಹೋಲಿಸಿದರೆ ಹಣ ಅಥವಾ ಸಮಯ ನಷ್ಟವಾಗುವುದು ಖಚಿತ.

ಬಿಟ್ ಮತ್ತು ಬೈಟ್

ಮಾರ್ಗದ ವೇಗವನ್ನು ಸೆಕೆಂಡಿಗೆ ಇಷ್ಟು ಬಿಟ್ ಎಂದು ಅಳೆಯುತ್ತಾರೆ; ಕಡತದ ಗಾತ್ರವನ್ನು ಬೈಟ್‌ಗಳಲ್ಲಿ ಅಳೆಯುತ್ತಾರೆ. 8 ಬಿಟ್‌ಗಳು ಸೇರಿದರೆ 1 ಬೈಟ್. ಇಂಗ್ಲಿಷಿನಲ್ಲಿ ಬರೆಯುವಾಗ ಸಣ್ಣ 'ಬಿ' ಅಕ್ಷರವು ಬಿಟ್ ಅನ್ನೂ ದೊಡ್ಡ 'ಬಿ' ಅಕ್ಷರವು ಬೈಟ್ ಅನ್ನೂ ಸೂಚಿಸುತ್ತದೆ. ಒಂದು ಅಕ್ಷರದ ವ್ಯತ್ಯಾಸದಿಂದ ಎಂಟು ಪಟ್ಟು ಅಂತರ ಉಂಟಾಗುತ್ತದೆ.

ವೇಗದ ಲೆಕ್ಕದಲ್ಲಿ ಕಿಲೋ ಎಂದರೆ 1000. ಕಂಪ್ಯೂಟರ್ ಸ್ಮರಣೆಯ ಲೆಕ್ಕದಲ್ಲಿ ಅದನ್ನು 1024 ಎಂದು ಹಿಡಿಯುವ ರೂಢಿಯಿದೆ. ಈ ಕಾರಣದಿಂದ ಮೆಗಾಬೈಟ್‌ನಲ್ಲಿ ಸುಮಾರು ಶೇ. 5ರಷ್ಟು, ಗಿಗಾಬೈಟ್‌ನಲ್ಲಿ ಸುಮಾರು ಶೇ. 7ರಷ್ಟು ವ್ಯತ್ಯಾಸ ಕಂಡುಬರುತ್ತದೆ. ಬಳಕೆಯ ಬಿಲ್ಲನ್ನು ತಾಳೆ ನೋಡುವಾಗ ಇದನ್ನು ಗಮನದಲ್ಲಿಡಬೇಕು.

ಬಾಡ್ ಎಂದರೇನು?

ಫ್ರಾನ್ಸಿನ ತಂತಿ ಎಂಜಿನಿಯರ್ ಎಮಿಲ್ ಬೋದೋ ಅವರ ಹೆಸರಿನಿಂದ ಬಂದ ಈ ಮಾನವು, ಮಾರ್ಗದ ಸಂಕೇತವು ಸೆಕೆಂಡಿಗೆ ಎಷ್ಟು ಬಾರಿ ಬದಲಾಗಬಹುದು ಎಂಬುದನ್ನು ತಿಳಿಸುತ್ತದೆ. ಟೆಲೆಕ್ಸ್ ಯಂತ್ರದ ವೇಗ 50 ಬಾಡ್ ಆಗಿತ್ತು. ಒಂದು ಅಕ್ಷರಕ್ಕೆ ಆರಂಭ ಮತ್ತು ಅಂತ್ಯದ ಗುರುತುಗಳೂ ಸೇರಿ 7.5 ಘಟಕಗಳು ಬೇಕಾಗುತ್ತಿದ್ದುದರಿಂದ ನಿಮಿಷಕ್ಕೆ 400 ಅಕ್ಷರಗಳು ಸಾಗುತ್ತಿದ್ದವು.

ಮೋಡೆಮ್‌ಗಳು ಬಂದ ಮೇಲೆ ಒಂದೇ ಬದಲಾವಣೆಯಲ್ಲಿ ಹಲವು ಬಿಟ್‌ಗಳನ್ನು ಕಳುಹಿಸುವುದು ಸಾಧ್ಯವಾಯಿತು. 600 ಬಾಡ್ ಮಾರ್ಗದ ಮೇಲೆ ಮೊದಲು 1200, ಅನಂತರ 2400 ಬಿಟ್‌ಗಳು ಸಾಗಿದವು. ಆದ್ದರಿಂದ ಮೋಡೆಮ್‌ಗಳ ವಿಷಯದಲ್ಲಿ ಬಾಡ್ ಮತ್ತು ಬಿಟ್ ಒಂದೇ ಅಲ್ಲ. ಆದರೆ ತೂಕದ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸುವ ಸೀರಿಯಲ್ ಕೇಬಲ್‌ನಲ್ಲಿ ಎರಡೂ ಸಮಾನ. ಅಲ್ಲಿ ಸಾಮಾನ್ಯವಾಗಿ ಒಂದು ಅಕ್ಷರಕ್ಕೆ 10 ಬಿಟ್ ತಗಲುವುದರಿಂದ 9600 ಬಾಡ್ ಎಂದರೆ ಸೆಕೆಂಡಿಗೆ 960 ಅಕ್ಷರಗಳು.

64ರ ಮೂಲ

ದೂರವಾಣಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 8000 ಬಾರಿ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ದಾಖಲಿಸುತ್ತಾರೆ. ಇವೆರಡರ ಗುಣಲಬ್ಧವೇ 64,000 ಬಿಟ್. ಇದು ಒಂದು ಮಾತಿನ ಮಾರ್ಗದ ಅಳತೆ. ಭಾರತದಲ್ಲಿ ಬಳಕೆಗೆ ಬಂದ 'ಇ-1' ಮಾರ್ಗದಲ್ಲಿ ಇಂತಹ 32 ಮಾರ್ಗಗಳಿದ್ದು ಒಟ್ಟು ವೇಗ 2048 ಕಿಲೋಬಿಟ್. ಅದರಲ್ಲಿ 30 ಮಾತಿಗೆ, ಉಳಿದೆರಡು ನಿಯಂತ್ರಣಕ್ಕೆ. ಅಮೆರಿಕದ 'ಟಿ-1' ಮಾರ್ಗದಲ್ಲಿ 24 ಮಾರ್ಗಗಳಿದ್ದು ವೇಗ 1544 ಕಿಲೋಬಿಟ್. ಎರಡು ಮಾತಿನ ಮಾರ್ಗಗಳನ್ನು ಕೂಡಿಸಿದ ಐಎಸ್‌ಡಿಎನ್ ಸಂಪರ್ಕವು 128 ಕಿಲೋಬಿಟ್ ನೀಡುತ್ತಿತ್ತು.

ಪರಿವರ್ತನೆಯ ಪಟ್ಟಿ

5 ಮೆಗಾಬೈಟ್ (50 ಲಕ್ಷ ಬೈಟ್) ಕಡತವನ್ನು ಸಾಗಿಸಲು ಬೇಕಾಗುವ ಕನಿಷ್ಠ ಅವಧಿ ಹೀಗಿದೆ:

56 ಕಿಲೋಬಿಟ್ (ಡಯಲ್-ಅಪ್): ಸೆಕೆಂಡಿಗೆ 7 ಕಿಲೋಬೈಟ್, 11 ನಿಮಿಷ 54 ಸೆಕೆಂಡ್
64 ಕಿಲೋಬಿಟ್: 8 ಕಿಲೋಬೈಟ್, 10 ನಿಮಿಷ 25 ಸೆಕೆಂಡ್
128 ಕಿಲೋಬಿಟ್: 16 ಕಿಲೋಬೈಟ್, 5 ನಿಮಿಷ 13 ಸೆಕೆಂಡ್
256 ಕಿಲೋಬಿಟ್: 32 ಕಿಲೋಬೈಟ್; 2 ನಿಮಿಷ 36 ಸೆಕೆಂಡ್
2048 ಕಿಲೋಬಿಟ್ (ಇ-1): 256 ಕಿಲೋಬೈಟ್, ಸುಮಾರು 20 ಸೆಕೆಂಡ್
100 ಮೆಗಾಬಿಟ್: 12,500 ಕಿಲೋಬೈಟ್, 0.4 ಸೆಕೆಂಡ್

ವಾಸ್ತವದಲ್ಲಿ ವಿಳಾಸ, ದೋಷ ತಪಾಸಣೆ ಮುಂತಾದವುಗಳಿಗೂ ಒಂದಷ್ಟು ಬಿಟ್‌ಗಳು ವ್ಯಯವಾಗುತ್ತವೆ. ಆದ್ದರಿಂದ ಅಂದಾಜಿಗೆ 8ರ ಬದಲು 10ರಿಂದ ಭಾಗಿಸುವುದು ಸುರಕ್ಷಿತ. ಬಾಯಿಲೆಕ್ಕಕ್ಕೂ ಅದು ಸುಲಭ.

64 ಕಿಲೋಬಿಟ್ ಇನ್ನೂ ಉಳಿದಿದೆ

ಇದು ಕೇವಲ ಇತಿಹಾಸದ ವಿಷಯವೆಂದು ಭಾವಿಸಬಾರದು. ಅನೇಕ ಮೊಬೈಲ್ ಯೋಜನೆಗಳಲ್ಲಿ ದಿನದ ಮಿತಿ ಮುಗಿದ ಕೂಡಲೇ ವೇಗವು 64 ಕಿಲೋಬಿಟ್‌ಗೆ ಇಳಿಯುತ್ತದೆ. ಈ ವೇಗದಲ್ಲಿ 24 ಗಂಟೆಯೂ ಬಿಡದೆ ಬಳಸಿದರೂ ಸಾಗುವುದು ಸುಮಾರು 691 ಮೆಗಾಬೈಟ್ ಮಾತ್ರ. ಮಾಸಿಕ ಜಿಎಸ್‌ಟಿಆರ್-1 ವಿವರಪಟ್ಟಿಯನ್ನು ಮುಂದಿನ ತಿಂಗಳ 11ರ ರಾತ್ರಿ ಮೊಬೈಲ್ ಸಂಪರ್ಕದ ಮೂಲಕ ಸಲ್ಲಿಸಹೊರಟವರಿಗೆ, ಮಿತಿ ಮುಗಿದಿದ್ದರೆ ಮೇಲಿನ ಪಟ್ಟಿಯ ಎರಡನೆಯ ಸಾಲೇ ಅನ್ವಯಿಸುತ್ತದೆ. ಹತ್ತು ನಿಮಿಷದೊಳಗೆ ಸಂಪರ್ಕ ಕಡಿದರೆ ಮತ್ತೆ ಮೊದಲಿನಿಂದ ಆರಂಭಿಸಬೇಕಾಗಬಹುದು. ಗಡುವು ಮೀರಿದರೆ ವಿಳಂಬ ಶುಲ್ಕದ ಹೊಣೆ ಬರುತ್ತದೆ.

ದರ ಹೋಲಿಕೆಯಲ್ಲಿ ಎಚ್ಚರಿಕೆ

ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು ಭಾರತ ಸರ್ಕಾರವು 2004ರಲ್ಲಿ 256 ಕಿಲೋಬಿಟ್, 2013ರಲ್ಲಿ 512 ಕಿಲೋಬಿಟ್, 2023ರಲ್ಲಿ 2 ಮೆಗಾಬಿಟ್ ಎಂದು ನಿಗದಿಪಡಿಸಿತು. ಅಂದರೆ ಹಿಂದೆ ದೊಡ್ಡ ಸಂಸ್ಥೆಗಳು ಗುತ್ತಿಗೆಗೆ ಪಡೆಯುತ್ತಿದ್ದ ಇ-1 ಮಾರ್ಗದ ವೇಗವು ಈಗ ಕನಿಷ್ಠ ಮಟ್ಟಕ್ಕೆ ಸಮೀಪವಾಗಿದೆ. ಅಂಕಿಯ ಲೆಕ್ಕದಲ್ಲಿ 100 ಮೆಗಾಬಿಟ್ ಸಂಪರ್ಕವು ಸುಮಾರು 49 ಇ-1 ಮಾರ್ಗಗಳಿಗೆ ಸಮ.

ಆದರೆ ಮೆಗಾಬಿಟ್ ಒಂದಕ್ಕೆ ಬೀಳುವ ದರವನ್ನಷ್ಟೇ ನೋಡಿ ತೀರ್ಮಾನಿಸುವುದು ಸರಿಯಲ್ಲ. ಗುತ್ತಿಗೆ ಮಾರ್ಗದ ವೇಗವು ಗ್ರಾಹಕರೊಬ್ಬರಿಗೇ ಮೀಸಲು. ಕಳುಹಿಸಲೂ ಪಡೆಯಲೂ ಅದು ಸಮನಾಗಿರುತ್ತದೆ. ಸಾಮಾನ್ಯ ಬ್ರಾಡ್‌ಬ್ಯಾಂಡ್‌ನ ವೇಗವನ್ನು ಹಲವರು ಹಂಚಿಕೊಳ್ಳುತ್ತಾರೆ. '100 ಮೆಗಾಬಿಟ್‌ವರೆಗೆ' ಎಂಬಲ್ಲಿ 'ವರೆಗೆ' ಎಂಬ ಪದಕ್ಕೆ ಹೆಚ್ಚಿನ ಅರ್ಥವಿದೆ. ಆದ್ದರಿಂದ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಈ ಅಂಶಗಳನ್ನು ಲಿಖಿತವಾಗಿ ಪಡೆಯುವುದು ಒಳಿತು:

1. ಮಾನವನ್ನು ಸಂಕ್ಷೇಪಾಕ್ಷರಗಳಲ್ಲಿ ಬರೆಯದೆ, ಮೆಗಾಬಿಟ್ ಅಥವಾ ಮೆಗಾಬೈಟ್ ಎಂದು ಪೂರ್ಣವಾಗಿ ನಮೂದಿಸಿರಬೇಕು.
2. ಕಳುಹಿಸುವ ಮತ್ತು ಪಡೆಯುವ ವೇಗಗಳು ಪ್ರತ್ಯೇಕವಾಗಿರಬೇಕು.
3. ಖಾತರಿಯ ಕನಿಷ್ಠ ವೇಗ ಎಷ್ಟೆಂಬುದು ಸ್ಪಷ್ಟವಾಗಿರಬೇಕು.
4. ಬಳಕೆಯ ಮಿತಿ ಮತ್ತು ಮಿತಿ ಮೀರಿದ ನಂತರದ ವೇಗವನ್ನು ತಿಳಿಸಿರಬೇಕು.
5. ಸಂಪರ್ಕ ಕಡಿದಾಗ ದುರಸ್ತಿಯ ಅವಧಿ ಹಾಗೂ ಬಾಡಿಗೆಯಲ್ಲಿ ದೊರೆಯುವ ಕಡಿತ ಎಷ್ಟೆಂದು ನಮೂದಾಗಿರಬೇಕು.