ಮಾಗಡಿ ಬೇಗ, ಕನಕಪುರ ನಿಧಾನ

ಈ ಸಂಕ್ರಾಂತಿಗೆ ಚನ್ನಪಟ್ಟಣದ ನಮ್ಮ ಮನೆಯ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಕಡೆ ಅವರೆಕಾಯಿ ರಾಶಿ, ಇನ್ನೊಂದು ಕಡೆ ಗುಜರಿಗೆ ಹೋಗಬೇಕಿದ್ದ ನಾಲ್ಕು ಹಳೆಯ ಕಂಪ್ಯೂಟರ್. ಎಂಟನೇ ತರಗತಿಯ ಮೊಮ್ಮಗಳು ಅವುಗಳ ಮೇಲೆ ಸೀಮೆಸುಣ್ಣದಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂದು ಬರೆದಿದ್ದಳು. ನಾಲ್ಕೂ ಸೇರಿ ಒಂದೇ ಲೆಕ್ಕ ಮಾಡಬೇಕು. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಉಳಿದಿದ್ದು ಮೂರೇ ದಿನ.

ನಾನು ನಿವೃತ್ತ ಗಣಿತದ ಮೇಷ್ಟ್ರು. ಲೆಕ್ಕ ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದರಿಂದ ಒಂದು ಕೋಟಿಯವರೆಗೆ ಅವಿಭಾಜ್ಯ ಸಂಖ್ಯೆಗಳು ಎಷ್ಟು? ಉತ್ತರ 6,64,579. ಮೊದಲೇ ಗೊತ್ತಿರುವುದರಿಂದ ತಪ್ಪಿದರೆ ತಿಳಿಯುತ್ತದೆ.

ಸ್ವಿಚ್ ಎಂಬ ಪುಟ್ಟ ಡಬ್ಬಿಗೆ ನಾಲ್ಕರಿಂದಲೂ ಒಂದೊಂದು ಕೇಬಲ್ ಸಿಕ್ಕಿಸಿದೆವು. ಎಲ್ಲದರಲ್ಲೂ ಲಿನಕ್ಸ್, ಎಲ್ಲದರಲ್ಲೂ ಒಂದೇ ಪ್ರೋಗ್ರಾಂ, ಮನೆ ನಂಬರಿನ ಹಾಗೆ ಒಂದೊಂದಕ್ಕೂ ಬೇರೆ ವಿಳಾಸ. ಜಿಲ್ಲಾ ಕೇಂದ್ರವಲ್ಲವೇ, ರಾಮನಗರಕ್ಕೆ ಮೇಸ್ತ್ರಿಗಿರಿ ಕೊಟ್ಟೆವು. ತನ್ನ ಪಾಲಿನ ಲೆಕ್ಕದ ಜೊತೆಗೆ ಕೆಲಸ ಹಂಚುವುದು, ಬಂದ ಉತ್ತರ ಕೂಡುವುದು ಅದರ ಜವಾಬ್ದಾರಿ.

ಒಂದೇ ಯಂತ್ರ ದುಡಿದಾಗ ಹತ್ತು ನಿಮಿಷ ಹಿಡಿದಿತ್ತು. ನಾಲ್ಕಕ್ಕೆ ಎರಡೂವರೆ ಸಾಕಲ್ಲ? ತಲಾ 25 ಲಕ್ಷ ಸಂಖ್ಯೆ ಹಂಚಿದೆವು. ಮಾಗಡಿ ಒಂದೂಕಾಲು ನಿಮಿಷದಲ್ಲಿ ಮುಗಿಸಿ ಸುಮ್ಮನೆ ಕುಳಿತಿತು. ಕನಕಪುರ ಮೂರೂವರೆ ನಿಮಿಷ ತೆಗೆದುಕೊಂಡಿತು.

"ತಾತ, ಕನಕಪುರ ಸೋಮಾರಿ. ಗುಜರಿಗೇ ಹಾಕೋಣ" ಅಂದಳು.

ನಾನೂ ತಲೆಯಾಡಿಸಿದೆ. ಆಮೇಲೆ ಯಾಕೋ ಅನುಮಾನ ಬಂದು ಎರಡರ ಕೆಲಸ ಅದಲುಬದಲು ಮಾಡಿಸಿದೆ. ಈಗ ಮಾಗಡಿ ನಿಧಾನ, ಕನಕಪುರ ಬೇಗ! ತಪ್ಪು ಯಂತ್ರದ್ದಲ್ಲ. 101 ಅವಿಭಾಜ್ಯವೇ ಎಂದು ನೋಡಲು 10ರವರೆಗೆ ಭಾಗಿಸಿದರೆ ಸಾಕು. ಕೋಟಿಯ ಹತ್ತಿರದ ಸಂಖ್ಯೆಯಾದರೆ 3162ರವರೆಗೆ ಭಾಗಿಸಬೇಕಾಗಬಹುದು. ಎಣಿಕೆಯಲ್ಲಿ ಸಮಪಾಲು, ದುಡಿಮೆಯಲ್ಲಿ ಅಲ್ಲ. ತರಗತಿಯಲ್ಲಿ ಕಷ್ಟದ ಲೆಕ್ಕ ಸಿಕ್ಕಿದ್ದ ಒಬ್ಬ ಹುಡುಗನನ್ನು 'ನಿಧಾನಿ' ಎಂದು ಬೈದದ್ದು ಆಗ ನೆನಪಾಯಿತು. ಮೊಮ್ಮಗಳಿಗೆ ಹೇಳಲಿಲ್ಲ.

ಪರಿಹಾರ ಹೇಳಿದ್ದು ಅವರೆಕಾಯಿ ಸುಲಿಯುತ್ತಿದ್ದ ಅವಳ ಅಜ್ಜಿ. "ಪಾಲು ಯಾಕೆ ಮಾಡ್ತೀರಿ? ರಾಶಿ ಮಧ್ಯೆ ಇರಲಿ. ಯಾರ ಕೈ ಖಾಲಿಯಾಗುತ್ತೋ ಅವರು ಇನ್ನೊಂದು ಹಿಡಿ ತಗೊಳ್ಲಿ."

ಸರಿ, ಹಿಡಿ ಎಂದರೆ ಎಷ್ಟು? ಮೊದಲು ಒಂದೊಂದೇ ಸಂಖ್ಯೆ ಕೊಟ್ಟೆವು. 'ಮುಗೀತು, ಇನ್ನೊಂದು ಕೊಡು' ಎಂದು ಕೇಳುವುದರಲ್ಲೇ ಹೊತ್ತು ಹೋಗಿ, ಒಂದೇ ಯಂತ್ರಕ್ಕಿಂತ ನಿಧಾನವಾಯಿತು. ಒಂದೊಂದು ಲಕ್ಷದ ನೂರು ಹಿಡಿ ಮಾಡಿದಾಗ ಎರಡು ಮುಕ್ಕಾಲು ನಿಮಿಷ. ಉತ್ತರವೂ ಸರಿ.

ಪ್ರದರ್ಶನದ ರಟ್ಟಿಗೆ ಸ್ವಲ್ಪ ಇತಿಹಾಸವೂ ಬೇಕಿತ್ತು. ಇದೇ ಉಪಾಯದ ದೊಡ್ಡ ಕೆಲಸ ನಮ್ಮ ಪಕ್ಕದ ಬೆಂಗಳೂರಿನಲ್ಲೇ ಆಗಿದೆ ಮಕ್ಕಳೇ. ವಿಮಾನದ ಸುತ್ತ ಗಾಳಿ ಹರಿಯುವ ಬಗೆಯನ್ನು ಲೆಕ್ಕ ಹಾಕಲೆಂದು ಎನ್‌ಎಎಲ್ ಸಂಸ್ಥೆಯವರು ಕಟ್ಟಿದ 'ಫ್ಲೋಸಾಲ್ವರ್' 1986ರ ಡಿಸೆಂಬರಿನಲ್ಲಿ ಕೆಲಸ ಶುರುಮಾಡಿತು. 1994ರಲ್ಲಿ ಅಮೆರಿಕದ ನಾಸಾದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ 16 ಸಾಧಾರಣ ಕಂಪ್ಯೂಟರ್‌ಗಳನ್ನು ಜೋಡಿಸಿ 'ಬೇವುಲ್ಫ್' ಮಾಡಿದರು. ನಮ್ಮದು ಅದರ ಬಡ ನೆಂಟ.

"ಹಾಗಾದ್ರೆ ನೂರು ಕಂಪ್ಯೂಟರ್ ಸೇರಿಸಿದರೆ ನೂರು ಪಟ್ಟು ಬೇಗಾನಾ ತಾತ?"

ಇಲ್ಲ. ನಮ್ಮೂರ ಬೊಂಬೆಗೆ ಹಾಲೆಮರ ಒಣಗಬೇಕು. ಕಡೆಯುವವರು ಎಷ್ಟು ಜನ ಇದ್ದರೂ ಮರ ತನ್ನ ಹೊತ್ತಿಗೇ ಒಣಗುವುದು. ಲೆಕ್ಕದಲ್ಲೂ ಹಂಚಲಾಗದ ಭಾಗವೊಂದು ಇರುತ್ತದೆ. ಜೀನ್ ಆಮ್ಡಾಲ್ 1967ರಲ್ಲೇ ಇದನ್ನು ಹೇಳಿದ್ದಾರೆ.

ಪ್ರದರ್ಶನದ ದಿನ ಯಾರೋ ಚನ್ನಪಟ್ಟಣದ ಕೇಬಲ್ ಎಡವಿದರು. ಒಂದು ಹಿಡಿ ಕಳೆದುಹೋಗಿ ಉತ್ತರ ತಪ್ಪಿತು. ಮೊಮ್ಮಗಳು ಹೆದರಲಿಲ್ಲ. ಯಾವ ಹಿಡಿ ಬಂದಿಲ್ಲವೆಂದು ರಾಮನಗರದಲ್ಲಿ ನೋಡಿ, ಅದೊಂದನ್ನೇ ಕನಕಪುರಕ್ಕೆ ಕೊಟ್ಟಳು. ಎಲ್ಲರೂ ನೋಡುತ್ತಿರುವಾಗಲೇ 6,64,579 ಬಂತು.

ಐದನೆಯ ಹಳೆ ಕಂಪ್ಯೂಟರ್ ಸಿಕ್ಕರೆ ಹಾರೋಹಳ್ಳಿ ಎಂದು ಹೆಸರಿಡುತ್ತಾಳಂತೆ. ಸ್ವಿಚ್ಚಿನಲ್ಲಿ ಒಂದು ಕಿಂಡಿ ಇನ್ನೂ ಖಾಲಿ ಇದೆ.