ವಕೀಲ ಇದ್ದೂ ಇಲ್ಲದ ಹಾಗೆ

ವಕೀಲನೊಬ್ಬ ಸಿಕ್ಕರೆ ಅರ್ಧ ನ್ಯಾಯ ಸಿಕ್ಕಂತೆ ಅಂತ ನಾನು ನಂಬಿದ್ದೆ. ಅಮೆರಿಕದ ಒಕ್ಲಹಾಮಾದ ರಿಚರ್ಡ್ ಗ್ಲಾಸಿಪ್ ಮೊಕದ್ದಮೆ ಓದಿದ ಮೇಲೆ ಆ ನಂಬಿಕೆ ಅಲುಗಾಡಿದೆ. 1997ರಲ್ಲಿ ಮೋಟೆಲೊಂದರ ಮಾಲೀಕನನ್ನು ಅಲ್ಲೇ ಕೆಲಸಕ್ಕಿದ್ದ ಹುಡುಗ ಬ್ಯಾಟಿನಿಂದ ಬಡಿದು ಕೊಂದ. ದುಡ್ಡು ಕೊಡ್ತೀನಿ ಅಂತ ಮಾಡಿಸಿದವನು ಮ್ಯಾನೇಜರ್ ಗ್ಲಾಸಿಪ್ ಎಂದ. ಸಾಕ್ಷಿ ನುಡಿದ ಕೊಲೆಗಾರನಿಗೆ ಜೀವಾವಧಿ. ಮ್ಯಾನೇಜರನಿಗೆ 1998ರಲ್ಲಿ ಮರಣದಂಡನೆ.

ಸುಪಾರಿ ಅನ್ನೋದು ಇಬ್ಬರ ನಡುವಿನ ಮಾತು. ಕೊಂದವನ ಬಾಯೇ ಸಾಕ್ಷಿಯಾದಾಗ ಅದನ್ನು ಒರೆಗೆ ಹಚ್ಚಬೇಕಾದವನು ವಕೀಲ. ಗ್ಲಾಸಿಪ್ ಹೆಸರನ್ನು ಮೊದಲು ಎತ್ತಿದವರು ಪೊಲೀಸರೇ. ಅದರ ವಿಡಿಯೋ ಇತ್ತು. ವಕೀಲ ಅದನ್ನು ಜ್ಯೂರಿಗೆ ತೋರಿಸಲೇ ಇಲ್ಲ. 2001ರಲ್ಲಿ ಮೇಲ್ಮನವಿ ಕೋರ್ಟು ಈ ಲೋಪಕ್ಕೇ ಶಿಕ್ಷೆ ರದ್ದು ಮಾಡಿತು.

ಇಂಥ ಗೆಲುವು ಅಪರೂಪ. 1984ರ ಸ್ಟ್ರಿಕ್‌ಲ್ಯಾಂಡ್ ತೀರ್ಪಿನಂತೆ ವಕೀಲ ಕೆಟ್ಟದಾಗಿ ನಡೆಸಿದ ಅಂದರೆ ಸಾಲದು. ಸರಿಯಾಗಿ ನಡೆಸಿದ್ದರೆ ಫಲಿತಾಂಶ ಬೇರೆಯಾಗುವ ಸಾಧ್ಯತೆಯಿತ್ತು ಅಂತಲೂ ತೋರಿಸಬೇಕು. ಜೈಲಲ್ಲಿ ಕೂತ ಬಡವ ಇದನ್ನು ಯಾರ ಕೈಲಿ ತೋರಿಸಬೇಕು? ಇನ್ನೊಬ್ಬ ವಕೀಲನ ಕೈಲೇ!

2004ರ ಮರುವಿಚಾರಣೆಯಲ್ಲಿ ಮತ್ತೆ ಮರಣದಂಡನೆ. ಆ ಜ್ಯೂರಿಯೂ ವಿಡಿಯೋ ನೋಡಲಿಲ್ಲ. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನೂ ರದ್ದುಪಡಿಸಿತು. ಈ ಸಲ ಕಾರಣ ವಕೀಲನಲ್ಲ: ಅದೇ ಸಾಕ್ಷಿಯ ಸುಳ್ಳನ್ನು ಸರ್ಕಾರಿ ಕಡೆಯವರು ತಿದ್ದದೆ ಬಿಟ್ಟಿದ್ದರು.