ಚಿತ್ರ ತಿದ್ದುವ ಕೀಲಿಗಳು

ಸಂಚಿಕೆಯೊಂದಕ್ಕಾಗಿ ಹಳೆಯ ಭಾವಚಿತ್ರಗಳನ್ನು ಗಣಕಯಂತ್ರದಲ್ಲಿ ಅಣಿಗೊಳಿಸುತ್ತಿದ್ದಾಗ ಒಮ್ಮೆ ನಮ್ಮ ಕೈಯಿಂದಲೇ ಒಂದು ಪ್ರಮಾದ ನಡೆಯಿತು. ಹಳೆಯ ವಿದ್ಯಾರ್ಥಿಗಳ ಸಮೂಹಚಿತ್ರದಲ್ಲಿ ಮುಂದಿನ ಸಾಲು ಮಾತ್ರ ಪುಟಕ್ಕೆ ಬೇಕಾಗಿತ್ತು. ಅಷ್ಟನ್ನೇ ಕತ್ತರಿಸಿ, ಉಳಿಸಿ, ಮುಚ್ಚಿದೆವು. ಮರುದಿನ ತೆರೆದು ನೋಡಿದರೆ ಹಿಂದಿನ ಸಾಲಿನವರು ಒಬ್ಬರೂ ಇಲ್ಲ! ಕಾಗದದ ಮೂಲಚಿತ್ರವನ್ನು ಅದರ ಒಡೆಯರಿಗೆ ಆಗಲೇ ಹಿಂದಿರುಗಿಸಿದ್ದೆವು. ಅದನ್ನು ಮತ್ತೆ ಕೇಳಲು ಅವರ ಮನೆಯ ಮೆಟ್ಟಿಲು ಹತ್ತಿದಾಗ ಪಟ್ಟ ಸಂಕೋಚವನ್ನು ನಾವು ಮರೆತಿಲ್ಲ. ಒಂದು ಕೀಲಿಯ ಬದಲು ಇನ್ನೊಂದನ್ನು ಒತ್ತಿದ್ದರಿಂದ ಇಷ್ಟೆಲ್ಲ ಆಯಿತು.

ವಿಂಡೋಸ್ ವ್ಯವಸ್ಥೆಯೊಡನೆ 1985ರ ಮೊದಲ ಆವೃತ್ತಿಯಿಂದಲೂ ಚಿತ್ರ ಬರೆಯುವ ಸಾಧನವೊಂದು ಬರುತ್ತಿದೆ. ಪೇಂಟ್ ಎಂದು ಅದರ ಹೆಸರು. ಇದರಲ್ಲಿ ಬಹುಮಟ್ಟಿನ ಕೆಲಸವನ್ನು ಮೌಸ್ ಹಿಡಿದೇ ಮಾಡಬಹುದು. ಆದರೆ ಎಡಗೈ ಬಿಡುವಾಗಿರುತ್ತದಷ್ಟೆ? ಅದಕ್ಕೂ ಕೆಲಸ ಕೊಡುವವು ಈ ಕೀಲಿಗಳು. ಕೀಲಿಮಣೆಯ ಎಡಮೂಲೆಯ ಕಂಟ್ರೋಲ್ ಕೀಲಿಯನ್ನು ಕಿರುಬೆರಳಿನಿಂದ ಅದುಮಿ ಹಿಡಿದರೆ, ಝಡ್, ಎಕ್ಸ್, ಸಿ, ವಿ ಎಂಬ ನಾಲ್ಕು ಅಕ್ಷರಗಳು ಉಳಿದ ಬೆರಳುಗಳಿಗೆ ಒಂದೇ ಸಾಲಿನಲ್ಲಿ ಸಿಗುತ್ತವೆ. ಕ್ರಮವಾಗಿ ಇವು ಮಾಡಿದ್ದನ್ನು ರದ್ದುಗೊಳಿಸುತ್ತವೆ, ಕತ್ತರಿಸುತ್ತವೆ, ಪ್ರತಿ ಮಾಡುತ್ತವೆ, ಅಂಟಿಸುತ್ತವೆ. ಇಂಗ್ಲಿಷ್ ಅಕ್ಷರಗಳೆಂದು ಕನ್ನಡ ಶಾಲೆಯ ಮಕ್ಕಳು ಅಂಜಬೇಕಾಗಿಲ್ಲ. ಝಡ್ ಎಂಬುದು ಯಾವ ಇಂಗ್ಲಿಷ್ ಪದದ ಮೊದಲಕ್ಷರವೆಂದು ಹುಡುಕುವುದೂ ವ್ಯರ್ಥ. ಬೆರಳಿಗೆ ಜಾಗ ತಿಳಿದರೆ ಸಾಕು.

ಕತ್ತರಿಸಿ ಅಂಟಿಸುವ ಮಾತು ಬಂದದ್ದು ಮುದ್ರಣದ ಮೇಜಿನಿಂದ. ಹಸ್ತಪ್ರತಿಯನ್ನು ಕತ್ತರಿಯಿಂದ ತುಂಡರಿಸಿ, ಗೋಂದಿನಿಂದ ಬೇರೆಡೆ ಅಂಟಿಸುವುದು ಸಂಪಾದಕರ ಪದ್ಧತಿಯಾಗಿತ್ತು. 1970ರ ದಶಕದಲ್ಲಿ ಅಮೆರಿಕದ ಪಾಲೋ ಆಲ್ಟೋದಲ್ಲಿದ್ದ ಜೆರಾಕ್ಸ್ ಸಂಶೋಧನಾಲಯದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಅದನ್ನೇ ಗಣಕಯಂತ್ರಕ್ಕೆ ತಂದರು.

ರದ್ದುಗೊಳಿಸುವ ಝಡ್ ಕೀಲಿ ಮಕ್ಕಳಿಗೆ ಬಲು ಪ್ರಿಯವಾದುದು. ಬಣ್ಣ ಗೆರೆ ದಾಟಿ ಹರಡಿತೆ? ಒಮ್ಮೆ ಒತ್ತಿದರೆ ಹಿಂದಿನ ಸ್ಥಿತಿ. ಹೆಚ್ಚು ಹಿಂದೆ ಹೋದೆವೆನಿಸಿದರೆ ಕಂಟ್ರೋಲ್ ಜೊತೆಗೆ ವೈ ಒತ್ತಿ ಮರಳಬಹುದು. ಉಳಿಸಿದ ಮೇಲೂ, ಚಿತ್ರ ತೆರೆದಿರುವವರೆಗೆ ಈ ಹಿಮ್ಮೆಟ್ಟು ಸಾಧ್ಯ. ಮುಚ್ಚಿದೊಡನೆ ಆ ಜಾಡೆಲ್ಲ ಅಳಿದುಹೋಗುತ್ತದೆ. ನಾವು ಮೋಸಹೋದದ್ದು ಇಲ್ಲಿಯೇ. ಕಂಟ್ರೋಲ್ ಮತ್ತು ಎಸ್ ಒತ್ತಿದರೆ ತಿದ್ದಿದ ಚಿತ್ರವು ಮೂಲದ ಮೇಲೆಯೇ ಕುಳಿತು ಮೂಲವನ್ನು ನುಂಗಿಬಿಡುತ್ತದೆ. ಎಫ್ 12 ಎಂಬ ಕೀಲಿಯನ್ನು ಒತ್ತಿದರೆ ಹೊಸ ಹೆಸರನ್ನು ಕೇಳುತ್ತದೆ. ಮೂಲ ಹಾಗೆಯೇ ಉಳಿಯುತ್ತದೆ. ಹಳೆಯ ಚಿತ್ರವನ್ನು ತೆರೆದ ಕೂಡಲೇ, ಒಂದು ಗೆರೆಯನ್ನೂ ಮುಟ್ಟುವ ಮೊದಲು, ಎಫ್ 12 ಒತ್ತಿ ಬೇರೆ ಹೆಸರು ಕೊಡುವುದನ್ನು ನಾವೀಗ ರೂಢಿಸಿಕೊಂಡಿದ್ದೇವೆ.

ಗಾತ್ರ ಬದಲಿಸಲು ಕಂಟ್ರೋಲ್ ಮತ್ತು ಡಬ್ಲ್ಯು. ಆಗ ತೆರೆಯುವ ಚೌಕಟ್ಟಿನಲ್ಲಿ ಉದ್ದಗಲಗಳ ಅನುಪಾತವನ್ನು ಕಾಯುವ ಗುರುತು ಇರಲೇಬೇಕು. ಇಲ್ಲವಾದರೆ ದುಂಡುಮುಖದ ಗುರುಗಳೂ ಸೋರೆಕಾಯಿಯಂತೆ ಕಾಣಿಸಿಯಾರು! ಕುಗ್ಗಿಸಿ ಉಳಿಸಿದ ಚಿತ್ರವನ್ನು ಮತ್ತೆ ಹಿಗ್ಗಿಸಿದರೆ ಕಳೆದ ಸೂಕ್ಷ್ಮಗಳು ಬಾರವು. ಆಯ್ದ ಭಾಗವನ್ನು ಉಳಿಸಿಕೊಂಡು ಮಿಕ್ಕದ್ದನ್ನು ಕಳೆಯಲು ಕಂಟ್ರೋಲ್, ಶಿಫ್ಟ್, ಎಕ್ಸ್ ಮೂರನ್ನೂ ಕೂಡಿಸಿ ಒತ್ತಬೇಕು.

ಚಿತ್ರ ಬರೆಯುವ ಎಳೆಯರಿಗೆ ಶಿಫ್ಟ್ ಒಂದೇ ಸಾಕು. ಅದನ್ನು ಹಿಡಿದು ಎಳೆದರೆ ಗೆರೆ ನೆಟ್ಟಗಾಗುತ್ತದೆ, ಅಂಡಾಕಾರ ವೃತ್ತವಾಗುತ್ತದೆ, ಆಯತ ಚೌಕವಾಗುತ್ತದೆ.

ಪಾಲಕರಿಗೆ ಇನ್ನೊಂದು ಸೂಚನೆ. ಜೆಪೆಗ್ ರೂಪದ ಚಿತ್ರವನ್ನು ತಿದ್ದಿ ಉಳಿಸಿದಷ್ಟು ಸಲವೂ ಅದರ ಸೂಕ್ಷ್ಮತೆ ತುಸು ಸವೆಯುತ್ತದೆ. ತಾತನ ಕಾಲದ ಭಾವಚಿತ್ರವನ್ನು ಮಕ್ಕಳು ತಿದ್ದಲು ಕುಳಿತರೆ, ಎಫ್ 12 ಒತ್ತಿದಾಗ ಪಿಎನ್‌ಜಿ ರೂಪವನ್ನು ಆರಿಸಿಕೊಡಿರಿ. ಅದರಲ್ಲಿ ಆ ಸವೆತವಿಲ್ಲ.